ಶೇರುವಿನ ಮೊಳೆಪಟ್ಟಿ

ಗೆಳೆಯರೇ, ಇವತ್ತು ನಾನು, ನನ್ನ ಹೆಂಡತಿ ನಮ್ಮ ನಾಯಿ ಶೇರುವನ್ನು ಕರೆದುಕೊಂಡು ಬೆಳಗಾವಿಯಿಂದ ಖಾನಾಪುರದ ಕಡೆ, ವೈನ್ ಮಾಡುವ ದ್ರಾಕ್ಷಿ ತೋಟವೊಂದನ್ನು ನೋಡಲು ಹೋಗಿದ್ದೆವು. ಗೇಟಿನಲ್ಲೇ ಕಾವಲುಗಾರ ಮಾಮಾ ಶೇರುವಿನ ಕುತ್ತಿಗೆಗೆ ಚೂಪು ಮೊಳೆಗಳ ಪಟ್ಟಿ ಕಟ್ಟಿದರು.

“ಇದ್ಯಾಕ್ರೀ ಮಾಮಾ?”

“ಚಿರತಿ ನಾಯಿ ಕಂಡ್ರ ಕುತ್ತಿಗಿಗೇ ಬಾಯಿ ಹಾಕತೈತ್ರಿ. ನಿನ್ನೆ ತೋಟದಾಗ ಅದರ ಹೆಜ್ಜಿ ಇದ್ದೂರಿ. ನೀವೇನ ಅಂಜಬ್ಯಾಡ್ರಿ, ಆರಾಮ ನೋಡ್ಕೊಂಡ ಬರ್ರಿ.”

ಆರಾಮ ಎಲ್ಲಿಂದ ಬರಬೇಕು? ಎಲೆ ಅಲುಗಿದಾಗಲೆಲ್ಲ ಹೆಂಡತಿ ನನ್ನ ತೋಳು ಹಿಂಡಿದಳು. ಬಳ್ಳಿಗಳ ನಡುವೆ ಶೇರು ತಟ್ಟನೆ ನಿಂತು ಗುರ್ರೆಂದ. ಏನಿತ್ತೋ ನೋಡಲಿಲ್ಲ, ಓಡಿದೆವು.

ಮೂವರಲ್ಲಿ ಕುತ್ತಿಗೆಗೆ ಕಾವಲಿದ್ದದ್ದು ಶೇರುವಿಗೆ ಮಾತ್ರ. ಎಲ್ಲರಿಗಿಂತ ಮೊದಲು ಕಾರು ಸೇರಿದವನೂ ಅವನೇ.