ರದ್ದಿ ಸುದ್ದಿ

ಕಬ್ಬಿನ ಹಂಗಾಮು ಶುರುವಾಯಿತೆಂದರೆ ನಮ್ಮೂರಿಗೆ ಪೇಪರು ತಡವಾಗಿ ಬರುತ್ತಿದ್ದ ಕಾಲ ಅದು. ಚಿಕ್ಕೋಡಿಯಿಂದ ಸದಲಗಾ ಹಾದು ಬರುವ ಬೆಳಗಿನ ಬಸ್ಸು ಕಾರ್ಖಾನೆಗೆ ಹೊರಟ ಚಕ್ಕಡಿಗಳ ಸಾಲಿನ ಹಿಂದೆ ಸಿಕ್ಕಿಕೊಳ್ಳುತ್ತಿತ್ತು. ಅದು ನಮ್ಮ ಪೋಸ್ಟಿನ ಮುಂದೆ ಬಂದು ನಿಲ್ಲುವಾಗ ಬಿಸಿಲು ಏರಿರುತ್ತಿತ್ತು. ಕಂಡಕ್ಟರ್ ಕಿಟಕಿಯಿಂದಲೇ ಪೇಪರಿನ ಕಟ್ಟು ಒಗೆಯುತ್ತಿದ್ದ. ಊರಿಗೆಲ್ಲ ಬರುತ್ತಿದ್ದುದು ಕೈಬೆರಳೆಣಿಕೆಯ ಪ್ರತಿಗಳು. ಅಪ್ಪ ಪೋಸ್ಟ್ ಮಾಸ್ತರರಾಗಿದ್ದರಿಂದ ಒಂದು ನಮ್ಮ ಮನೆಗೆ. ಹಂಚುವವನು ಅದರ ಮೂಲೆಯಲ್ಲಿ ಪೆನ್ಸಿಲ್ಲಿನಿಂದ ‘ಪೋಸ್ಟ’ ಎಂದು ಬರೆದಿರುತ್ತಿದ್ದ. ಮಧ್ಯಾಹ್ನದ ಸೂಟಿಯಲ್ಲಿ ಮನೆಗೆ ಓಡಿ ಬಂದು, ಒಂದು ಕೈಯಲ್ಲಿ ರೊಟ್ಟಿ ಮುರಿಯುತ್ತ ಇನ್ನೊಂದು ಕೈಯಲ್ಲಿ ಅದನ್ನು ತಿರುವುತ್ತಿದ್ದೆ. ಆ ಚಳಿಗಾಲದ ವಾಸನೆಗಳನ್ನು ನಾನು ಈಗಲೂ ಬೇರೆಬೇರೆಯಾಗಿ ಗುರುತಿಸಬಲ್ಲೆ: ಗಾಣದಮನೆಯ ಬೆಲ್ಲದ ಪಾಕ, ಹೊಲದಲ್ಲಿ ಕಬ್ಬಿನ ಒಣಗರಿಯ ರವದಿ ಸುಟ್ಟ ಹೊಗೆ, ಪೇಪರಿನ ಹಸಿ ಮಸಿ.

ಓಡಿ ಬರಲು ಕಾರಣ ನಮ್ಮ ಇತಿಹಾಸದ ಸರ್. ಸೂಟಿ ಮುಗಿದ ಕೂಡಲೇ ಅವರ ಪಿರಿಯಡ್. ಒಂಬತ್ತನೆಯ ಇಯತ್ತೆಯ ಕೋಣೆಯಲ್ಲಿ ಅವರು ಕಪ್ಪು ಹಲಗೆಯನ್ನು ಎರಡು ಭಾಗ ಮಾಡಿದ್ದರು. ಎಡಕ್ಕೆ ‘ಇಂದಿನ ಸುದ್ದಿ’, ಬಲಕ್ಕೆ ‘ಇಂದಿನ ಪಾಠ’. ಹಾಜರಿ ಕೂಗುವಾಗ ಪ್ರತಿಯೊಬ್ಬರೂ ‘ಹಾಜರ್’ ಎನ್ನುವ ಬದಲು ಒಂದು ಸುದ್ದಿ ಹೇಳಬೇಕು. ಒಳ್ಳೆಯದನ್ನು ಅವರೇ ಆರಿಸಿ, ಅಚ್ಚು ಹಾಕಿದಂಥ ಅಕ್ಷರದಲ್ಲಿ ಎಡಕ್ಕೆ ಬರೆಯುತ್ತಿದ್ದರು. ಸುದ್ದಿ ಇಲ್ಲದವರು ಪಿರಿಯಡ್ ಮುಗಿಯುವವರೆಗೆ ನಿಲ್ಲಬೇಕು. ನಿಂತವರಿಗೆ ಬರೆದುಕೊಳ್ಳಲು ಆಗುವುದಿಲ್ಲ. ಗಂಟೆ ಬಾರಿಸುವ ಮೊದಲು ಸರ್ ಬಲಗಡೆಯದನ್ನು ತಾವೇ ಒರೆಸುತ್ತಿದ್ದರು. ಹೀಗಾಗಿ ನಿಂತವರ ವಹಿಯಲ್ಲಿ ಪಾಠ ಇರುತ್ತಿರಲಿಲ್ಲ, ಮರುದಿನ ಅದಕ್ಕೂ ಛಡಿಯೇಟು. ಅವರ ಈ ಪದ್ಧತಿ ಸುತ್ತಲೂ ಹೆಸರಾಗಿತ್ತು. ಭೋಜದಿಂದಲೂ ಕೆಲವರು ಮಕ್ಕಳನ್ನು ನಮ್ಮ ಹೈಸ್ಕೂಲಿಗೆ ಕಳಿಸುತ್ತಿದ್ದರು. ಹಳ್ಳಿಯ ಹುಡುಗರಿಗೆ ಜಗತ್ತಿನ ಖಬರು ಇದೆ ಎಂದು ಇನ್ಸ್‌ಪೆಕ್ಟರರೂ ಹೊಗಳಿ ಹೋಗಿದ್ದರು.

ಹೆಚ್ಚು ದಿನ ನಿಲ್ಲುತ್ತಿದ್ದವಳು ನನ್ನ ಬೆಂಚಿನ ಸುಜಾತಾ. ಅವಳ ಮನೆಯಲ್ಲಿ ಪೇಪರಾಗಲಿ ರೇಡಿಯೋ ಆಗಲಿ ಇರಲಿಲ್ಲ. ಅಪ್ಪ ಅವ್ವ ಇಬ್ಬರೂ ಕಬ್ಬು ಕಡಿಯುವ ಗ್ಯಾಂಗಿನವರು. ಕತ್ತಲಿರುವಾಗಲೇ ಎದ್ದು, ಯಾರ ಹೊಲದಲ್ಲಿ ಕಟಾವು ಇದೆಯೋ ಅಲ್ಲಿಗೆ ಹೋಗುತ್ತಿದ್ದರು. ಸುಜಾತಾಳಿಗೆ ಸುದ್ದಿ ಬರುತ್ತಿದ್ದುದು ಸಂತೆಯಿಂದ. ಅವ್ವ ತರುವ ಭಜಿಯ ಪೊಟ್ಟಣ, ಶೇಂಗಾದ ಪೊಟ್ಟಣ, ಯಾವುದನ್ನೂ ಅವಳು ಒಗೆಯುತ್ತಿರಲಿಲ್ಲ. ಬಿಡಿಸಿ, ಅಂಗೈಯಿಂದ ತೀಡಿ, ಕಂಪಾಸಿನ ಡಬ್ಬಿಯಲ್ಲಿ ಮಡಚಿಟ್ಟು ತರುತ್ತಿದ್ದಳು. ಅದರಲ್ಲಿ ಬಿದ್ದುಹೋದ ಸರ್ಕಾರ ಇನ್ನೂ ನಿಂತಿರುತ್ತಿತ್ತು, ಸೋತ ತಂಡ ಇನ್ನೂ ಆಡಲು ಹೊರಟಿರುತ್ತಿತ್ತು. ಅವಳು ಎದ್ದರೆ ಸಾಕು, ಹಿಂದಿನ ಬೆಂಚಿನಿಂದ ಯಾರಾದರೂ ಬೀದಿಯ ಹಳೇ ಪೇಪರಿನವನ ಹಾಗೆ ಮೂಗಿನಲ್ಲಿ ಎಳೆಯುತ್ತಿದ್ದರು: “ರದ್ದೀ... ಪೇಪರ ರದ್ದೀ...” ಅವಳ ಹೆಸರೇ ಹಾಗೆ ಆಯಿತು. ಗಜಗ ಆಡುವಾಗ ನಾವು ಹುಡುಗಿಯರೂ ಹಾಗೆಯೇ ಕರೆಯುತ್ತಿದ್ದೆವು. ಅವಳು ಓಗೊಡುತ್ತಿದ್ದಳು.

ಸರ್ ಬೈಯುತ್ತಿರಲಿಲ್ಲ. “ಇತಿಹಾಸದಾಗ ಹಳೇದು ನಡೀತೈತಿ ಸುಜಾತಾ, ಸುದ್ದ್ಯಾಗ ನಡ್ಯೂದಿಲ್ಲ. ನಿಂದ್ರು,” ಎನ್ನುತ್ತಿದ್ದರು, ಅಷ್ಟೆ.

ಒಂದು ದಿನ ಅವಳು ತಂದ ಹಾಳೆ ಎಣ್ಣೆ ಕುಡಿದು ಗಾಜಿನಂತಾಗಿತ್ತು. ಹಿಂಬದಿಯ ಅಕ್ಷರಗಳೂ ಈ ಕಡೆಗೆ ಮೂಡಿದ್ದವು. ಅವುಗಳಲ್ಲಿ ಯಾವುದೋ ಒಂದರ ಕೊಕ್ಕೆ ಬಂದು ‘ಧ’ದ ಪಕ್ಕಕ್ಕೆ ದೀರ್ಘದ ಹಾಗೆ ನಿಂತಿತ್ತು. ಅವಳು ದೊಡ್ಡ ದನಿಯಲ್ಲಿ ಓದಿದಳು: “ಹಿರಿಯ ನಾಯಕರ ನಿಧಾನ.”

ಇಡೀ ವರ್ಗ ಬೆಂಚು ಬಡಿದು ನಕ್ಕಿತು. ನಗು ನಿಲ್ಲುವವರೆಗೆ ಸರ್ ಕಾದರು. “ನಿಧನ ಬೇ, ನಿಧಾನ ಅಲ್ಲ. ನಿಧಾನ ಇರೂದು ನೀನು.”

ಮತ್ತೆ ನಗು. ಅದು ತಗ್ಗಿದ ಮೇಲೆ ಅವಳು ನಿಜವಾಗಿಯೂ ತಿಳಿಯಬೇಕೆಂದು ಕೇಳಿದಳು. “ನಿಧನ ಅಂದ್ರ ಸಾಯೂದೇನ್ರಿ ಸರ್?”

“ದೊಡ್ಡವರು ಸತ್ತರ ನಿಧನ. ಉಳಿದಾವ್ರು ಸತ್ತರ ಸತ್ತಂಗ.”

ಅವಳು ತಲೆಯಾಡಿಸಿದಳು. ಒಂದು ಹೊಸ ಶಬ್ದ ಸಿಕ್ಕಿದ ಸಮಾಧಾನ ಅವಳ ಮುಖದಲ್ಲಿತ್ತು. ಆ ದಿನವೂ ನಿಂತಳು. ಶಾಲೆ ಬಿಟ್ಟ ಮೇಲೆ ನೀರಿನ ಟಾಕಿಯ ಕಟ್ಟೆಗೆ ಕೂತು ನನ್ನ ವಹಿ ನೋಡಿ ಪಾಠ ಬರೆದುಕೊಂಡಳು. ಇಂಥ ದಿನಗಳಲ್ಲಿ ಅವಳು ಕಬ್ಬಿನ ತುಂಡನ್ನು ಹಲ್ಲಿನಿಂದ ಸಿಪ್ಪೆ ಸುಲಿದು, ಗಂಟು ತೆಗೆದು, ಮೆತ್ತಗಿನ ಭಾಗ ನನಗೆ ಕೊಡುತ್ತಿದ್ದಳು. ಗಂಟು ತಾನು ಅಗಿಯುತ್ತಿದ್ದಳು.

ಸಂಕ್ರಮಣಕ್ಕೆ ಇನ್ನೂ ಸ್ವಲ್ಪ ದಿನ ಇದ್ದಾಗ, ಒಂದು ಮುಂಜಾನೆ ಮಂಜು ಬಿದ್ದಿತ್ತು. ಕಾಲುವೆಯ ತಿರುವಿನಲ್ಲಿ ಕಬ್ಬಿನ ಟ್ರ್ಯಾಕ್ಟರ್ ಉರುಳಿತು ಎಂಬ ಮಾತು ನಾವು ಶಾಲೆಗೆ ಹೋಗುವ ಮೊದಲೇ ಊರೆಲ್ಲ ತುಂಬಿತ್ತು. ಟ್ರ್ಯಾಕ್ಟರ್ ನಮ್ಮ ವರ್ಗದ ರಾಜಗೌಡನ ಮನೆಯದು. ಅವರದು ಕಬ್ಬು ಮತ್ತು ದ್ರಾಕ್ಷಿಯ ದೊಡ್ಡ ಹೊಲ. ಸರ್ ಬಾಡಿಗೆಗಿದ್ದುದು ಅವರ ಮನೆಯ ಮಾಳಿಗೆಯಲ್ಲಿ.

ಸುಜಾತಾ ಸೂಟಿಯ ಹೊತ್ತಿಗೆ ಬಂದಳು. ತಲೆ ಬಾಚಿರಲಿಲ್ಲ. ಅವ್ವನನ್ನು ಜೀಪಿನಲ್ಲಿ ಮೀರಜಿನ ದವಾಖಾನೆಗೆ ಒಯ್ದಿದ್ದಾರೆ, ಅಪ್ಪನೂ ಹೋಗಿದ್ದಾನೆ, ಮುದುಕಿ ಆಯಿ ಅಳುತ್ತ ಕೂತಿದ್ದಾಳೆ, ನೀನು ಶಾಲೆಗೆ ಹೋಗು ಎಂದು ಓಣಿಯವರು ಅಂದರು, ಅದಕ್ಕೆ ಬಂದೆ ಎಂದು ನನಗೆ ಹೇಳಿದಳು. ಹಾಜರಿ ಶುರುವಾಯಿತು. ಅವಳ ಹೆಸರು ಬಂತು. ಈ ಸಲ ಅವಳ ಕೈಯಲ್ಲಿ ಹಾಳೆ ಇರಲಿಲ್ಲ. ಸುದ್ದಿ ಹೇಳುವ ಹಾಗೆಯೇ ಕೈ ಕಟ್ಟಿ ನಿಂತಳು.

“ಸರ್, ಇವತ್ತ ಮುಂಜಾನೆ ಕಾಲುವಿ ತಿರುವಿನ್ಯಾಗ ಟ್ರ್ಯಾಕ್ಟರ್ ಪಲ್ಟಿ ಆಗೇತ್ರಿ. ರಾಜಗೌಡರ ಮನಿ ಟ್ರ್ಯಾಕ್ಟರ್‌ರಿ. ಕಬ್ಬಿನ ಮ್ಯಾಲ ಕುಂತಾವ್ರು ಬುಡಕ ಸಿಕ್ಕಾರ್ರಿ. ನಮ್ಮವ್ವ...”

“ಯಾವ ಪೇಪರಿನ್ಯಾಗ ಬಂದೈತಿ?”

“ಪೇಪರಿನ್ಯಾಗ ಬಂದಿಲ್ರಿ ಸರ್. ಇವತ್ತ ಆಗೇತ್ರಿ.”

“ಬರ್ಲಿ. ಬಂದ ಮ್ಯಾಲ ಹೇಳು. ಪೇಪರಿನ್ಯಾಗ ಬಂದ್ರ ಸುದ್ದಿ, ಇಲ್ಲಾಂದ್ರ ಕಟ್ಟಿ ಮ್ಯಾಲಿನ ಮಾತು. ನಿಂದ್ರು.”

ಯಾರೂ ನಗಲಿಲ್ಲ. ರಾಜಗೌಡ ಬೆಂಚಿನ ಮೇಲೆ ಕೈವಾರದಿಂದ ಏನೋ ಕೊರೆಯುತ್ತಿದ್ದ. ಸರ್ ಮುಂದಿನ ಹೆಸರು ಕೂಗಿದರು.

ಆ ದಿನ ಫ್ರಾನ್ಸಿನ ಕ್ರಾಂತಿಯ ಪಾಠ. ಬ್ರೆಡ್ಡು ಬೇಕೆಂದು ಮಳೆಯಲ್ಲಿ ಅರಮನೆಗೆ ನಡೆದುಹೋದ ಹೆಂಗಸರ ಕಥೆಯನ್ನು ಸರ್ ಹೇಳಿದರು. ಹೇಳುವಾಗ ಅವರ ದನಿ ಭಾರವಾಯಿತು, ಒಮ್ಮೆ ಕನ್ನಡಕ ತೆಗೆದು ಒರೆಸಿಕೊಂಡರು. ಪಾಠ ಬಹಳ ಚೆನ್ನಾಗಿತ್ತು. ನನ್ನ ಪಕ್ಕದಲ್ಲಿ ನಿಂತಿದ್ದ ಸುಜಾತಾಳ ಲಂಗದ ನೆರಿಗೆ ಪಿರಿಯಡ್ ಮುಗಿಯುವವರೆಗೂ ನನ್ನ ಮೊಣಕೈಗೆ ತಾಗುತ್ತಿತ್ತು. ಕೊನೆಯ ಗಂಟೆಗಿಂತ ಮುಂಚೆ ಅವಳ ಕಾಕಾ ಬಂದು ಗೇಟಿನ ಹೊರಗೆ ನಿಂತ. ಶಾಲೆಯ ಸಿಪಾಯಿ ಬಂದು ಅವಳನ್ನು ಕರೆದುಕೊಂಡು ಹೋದ. ಚೀಲ ತಗೊಂಡು ಬಾ ಎಂದ ಮೇಲೆ ನಮಗೆಲ್ಲ ತಿಳಿಯಿತು.

ಒಂದೆರಡು ದಿನ ಬಿಟ್ಟು ಪೇಪರಿನಲ್ಲಿ ಬಂತು, ಒಳಪುಟದ ಕೆಳಗೆ. ರಾಜಗೌಡ ಸೂಟಿಯಲ್ಲಿ ಕಂಡಕಂಡವರಿಗೆ “ನಮ್ಮ ಟ್ರ್ಯಾಕ್ಟರ್ ಪೇಪರಿನ್ಯಾಗ ಬಂದೈತಿ” ಎಂದು ಹೇಳುತ್ತಿದ್ದ. ಹಾಜರಿಯಲ್ಲಿ ಎದ್ದು, ತಡವರಿಸದೆ ಓದಿದ:

“ಸದಲಗಾ: ಸಮೀಪದ ಕಾಲುವೆ ತಿರುವಿನಲ್ಲಿ ಕಬ್ಬಿನ ಟ್ರ್ಯಾಕ್ಟರ್ ಉರುಳಿ ಓರ್ವ ಕೂಲಿ ಹೆಂಗಸು ಸತ್ತಿದ್ದು, ಟ್ರೇಲರಿಗೆ ಜಖಂ ಆಗಿದೆ.”

“ಶಾಬಾಶ್,” ಎಂದರು ಸರ್. “ಇದಕ್ಕಂತಾರ ಸುದ್ದಿ. ಯಾವ ಊರು, ಏನಾತು, ಎಷ್ಟ ಲುಕ್ಸಾನು, ಎರಡ ಸಾಲಿನ್ಯಾಗ ಎಲ್ಲಾ ಬಂತು.” ಅದನ್ನು ಎಡಗಡೆಗೆ ತಮ್ಮ ಚಂದದ ಅಕ್ಷರದಲ್ಲಿ ಬರೆದರು. ನಾವು ವಹಿಯಲ್ಲಿ ಇಳಿಸಿಕೊಂಡೆವು. ನನ್ನ ಪಕ್ಕದ ಜಾಗ ಖಾಲಿ ಇತ್ತು, ಆದ್ದರಿಂದ ಕೈ ಚಾಚಿ ಬರೆಯಲು ಅನುಕೂಲವಾಯಿತು.

ಸುಜಾತಾ ತಿರುಗಿ ಬಂದದ್ದು ಸಂಕ್ರಮಣ ಕಳೆದ ಮೇಲೆ. ಮೊದಲ ಪಿರಿಯಡ್‌ಗಳಲ್ಲಿ ಯಾರೂ ಅವಳನ್ನು ಏನೂ ಅನ್ನಲಿಲ್ಲ. ಸೂಟಿಯಲ್ಲಿ ಯಾರೋ ಅವಳಿಗೆ ಎಳ್ಳು ಬೆಲ್ಲವನ್ನೂ ಕೊಟ್ಟರು. ಇತಿಹಾಸದ ಹಾಜರಿಯಲ್ಲಿ ಅವಳು ಎದ್ದು ಕಂಪಾಸಿನ ಡಬ್ಬಿ ತೆರೆದಳು. ಒಳಗಿನಿಂದ ಎಣ್ಣೆ ಹತ್ತಿದ ಹಾಳೆಯೊಂದು ಹೊರಬಂತು. ಹಿಂದಿನ ಬೆಂಚಿನಿಂದ ಮೆಲ್ಲಗೆ ಕೇಳಿಸಿತು: “ರದ್ದೀ...” ವರ್ಗದಲ್ಲಿ ಕಿಸಿಕಿಸಿ ಹರಿದಾಡಿತು. ನಾನು ಹಾಳೆಯ ಮೂಲೆ ನೋಡಿದೆ. ಪೆನ್ಸಿಲ್ಲಿನಲ್ಲಿ ‘ಪೋಸ್ಟ’ ಎಂದಿತ್ತು. ನನ್ನ ಅವ್ವ ನಮ್ಮ ಮನೆಯ ಹಳೇ ಪೇಪರುಗಳನ್ನು ಕಟ್ಟಿ ಭಜಿ ಅಂಗಡಿಗೆ ಹಾಕಿದ್ದಳು. ಅಲ್ಲಿಂದ ಅದು ಸುಜಾತಾಳ ಮನೆಗೆ ಹೋಗಿತ್ತು.

ಅವಳು ಓದಿದಳು. “ಸದಲಗಾ. ಸಮೀಪದ ಕಾಲುವೆ ತಿರುವಿನಲ್ಲಿ ಕಬ್ಬಿನ ಟ್ರ್ಯಾಕ್ಟರ್ ಉರುಳಿ ಹೌಸಾಬಾಯಿ ಮಾರುತಿ ಕಾಂಬಳೆಯವರು ನಿಧನರಾದರು.”

‘ಧ’ವನ್ನು ಅವಳು ಎಳೆಯಲಿಲ್ಲ. ಅಲ್ಲಿಗೆ ನಿಲ್ಲಿಸಿದಳು. ಟ್ರೇಲರಿನದು ಓದಲಿಲ್ಲ.

ಸರ್ ಕೈ ಚಾಚಿದರು. ಅವಳು ಹಾಳೆ ಒಯ್ದು ಕೊಟ್ಟಳು. ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

“ಇದರಾಗ ಹಂಗ ಎಲ್ಲೈತಿ?”

“ಇಲ್ರಿ.”

“ಸುದ್ದಿಗೆ ನಮ್ಮ ಕೈಲಿಂದ ಸೇರಸಬಾರದು. ಇದ್ದದ್ದ ಓದು.”

ಅವಳು ಹಾಳೆ ತಗೊಂಡಳು. ಸರ್ ಮೇಜಿನ ಮೇಲೆ ಚಾಕಿನ ತುಂಡು ಕುಟ್ಟಿದರು. ಆಗ ಓದಿದಳು: “ಓರ್ವ ಕೂಲಿ ಹೆಂಗಸು ಸತ್ತಿದ್ದು, ಟ್ರೇಲರಿಗೆ ಜಖಂ ಆಗಿದೆ.”

“ಹಾಂ. ಇದು ಯಾವಾಗಿಂದು?”

“ಹಳೇದ್ರಿ.”

“ನಿಂದ್ರು.”

ಅವಳು ಹಾಳೆಯನ್ನು ಮೊದಲಿದ್ದ ಮಡಿಕೆಗಳಲ್ಲೇ ಮಡಚಿ ಡಬ್ಬಿಯಲ್ಲಿಟ್ಟಳು. ಜಾಗಕ್ಕೆ ಬಂದು ನಿಂತಳು. ಸರ್ ಹಲಗೆಯ ಬಲಗಡೆಗೆ ತಿರುಗಿ ಬರೆಯತೊಡಗಿದರು. ಶಾಲೆ ಬಿಟ್ಟ ಮೇಲೆ ನಾನು ನೀರಿನ ಟಾಕಿಯ ಹತ್ತಿರ ಹೋದೆ. ಅವಳು ವಹಿ ಕೇಳಲು ಬರಲಿಲ್ಲ. ಮರುದಿನ ಶಾಲೆಗೂ ಬರಲಿಲ್ಲ. ಅಪ್ಪನ ಜೋಡಿ ಗ್ಯಾಂಗಿಗೆ ಹೋಗುತ್ತಾಳೆ ಎಂದು ಆಮೇಲೆ ಕೇಳಿದೆ. ಹಾಜರಿಯಲ್ಲಿ ಸರ್ ಅವಳ ಹೆಸರು ಕೆಲವು ದಿನ ಕೂಗಿದರು, ಆಮೇಲೆ ಬಿಟ್ಟರು.

ಈಗ ಊರಿನ ರಸ್ತೆ ಅಗಲವಾಗಿದೆ. ಪೇಪರು ಚಹಾದ ಮುಂಚೆಯೇ ಬರುತ್ತದೆ. ಎರಡು ಭಾಗದ ಹಲಗೆ ಹೋಗಿ ಗೋಡೆಗೆ ಹೊಸ ಬಣ್ಣ ಬಂದಿದೆ. ಹಲ್ಲಿನಿಂದ ಕಬ್ಬು ಸುಲಿದು ಮೆತ್ತಗಿನ ತುಂಡು ಕೊಡುವವರು ನನಗೆ ಆಮೇಲೆ ಸಿಗಲಿಲ್ಲ. ಕಳೆದ ವರ್ಷ ಸರ್ ನಿವೃತ್ತರಾದರು. ಹಳೆಯ ವಿದ್ಯಾರ್ಥಿಗಳು ಸೇರಿ ಶಾಲು ಹೊದಿಸಿದೆವು. ರಾಜಗೌಡನೇ ಮುಂದೆ ನಿಂತು ಎಲ್ಲ ನೋಡಿಕೊಂಡ. ಊಟದ ನಂತರ ಸರ್ ಖುಷಿಯಲ್ಲಿ ಹಳೆಯ ಆಟ ತೆಗೆದರು. “ಆವಾಗಿನ ಸುದ್ದಿ ಯಾರ್‍ಯಾರಿಗೆ ನೆನಪೈತಿ, ಒಂದೊಂದ ಹೇಳ್ರಿ ನೋಡೂನು. ಹೇಳಲಿಲ್ಲಂದ್ರ ನಿಂದರಸ್ತೀನಿ.” ಒಬ್ಬ ಚುನಾವಣೆಯದು ಹೇಳಿದ. ಇನ್ನೊಬ್ಬ ಕ್ರಿಕೆಟ್ಟಿನದು. ಪ್ರತಿಯೊಂದಕ್ಕೂ ಚಪ್ಪಾಳೆ. ನನ್ನ ಪಾಳಿ ಬಂತು. ನಾನು ಎದ್ದು, ಸುಜಾತಾ ಮೊದಲ ಸಲ ಓದಿದ್ದನ್ನು ಅವಳು ಓದಿದ ಹಾಗೆಯೇ ಹೇಳಿದೆ, ಒಂದು ಶಬ್ದವನ್ನೂ ಬಿಡದೆ.

ಚಪ್ಪಾಳೆ ಬರಲಿಲ್ಲ. ರಾಜಗೌಡ ತಾಟುಗಳನ್ನು ಎತ್ತಿಸಲು ಒಳಗೆ ಹೋದ. ಸರ್ ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೆನಪಿಸಿಕೊಳ್ಳಲು ನೋಡಿದರು. ಆಮೇಲೆ ಗೌರವದಿಂದ, ಮೆಲ್ಲಗೆ ಕೇಳಿದರು:

“ಹೌಸಾಬಾಯಿಯವರು... ಯಾವ ಪಕ್ಷದಾಗಿದ್ರವ್ವಾ ಅವರು?”