ನನ್ನ ಎಡಗಾಲಿನ ಮೇಲೊಂದು ಆರೋಪ

ನಿನ್ನೆ ಕಾರಿನ ಡ್ಯಾಶ್‌ಬೋರ್ಡಿನ ಗೂಡಿಗೆ ಕೈ ಹಾಕಿದರೆ ಒಂದು ಈರುಳ್ಳಿ ಸಿಕ್ಕಿತು. ಸಣ್ಣದು, ಸಿಪ್ಪೆ ಕಾಗದದಂತೆ ಒಣಗಿದ್ದು, ತುದಿಯಲ್ಲಿ ಹಸಿರು ಮೊಳಕೆ ಬೇರೆ. ನೀವು ನಾಗಪುರದವರಲ್ಲದಿದ್ದರೆ, ಕಾರಿನಲ್ಲಿ ಈರುಳ್ಳಿಗೇನು ಕೆಲಸ ಎಂದು ಕೇಳುತ್ತೀರಿ. ಇಲ್ಲಿ ಮೇ ತಿಂಗಳ ಬಿಸಿಗಾಳಿಗೆ ಹೊರಬೀಳುವವರ ಹತ್ತಿರ ಒಂದು ಈರುಳ್ಳಿ ಇರಬೇಕು. ಝಳವನ್ನೆಲ್ಲ ಅದು ತಾನೇ ಎಳೆದುಕೊಂಡು ಮನುಷ್ಯರನ್ನು ಬಿಟ್ಟುಬಿಡುತ್ತದಂತೆ. ಬಿಡುತ್ತದೋ ಇಲ್ಲವೋ, ಹುಬ್ಬಳ್ಳಿಯಿಂದ ಬಂದ ನಮ್ಮ ಅತ್ತೆ ಈ ಊರಿನಿಂದ ಪೂರ್ತಿ ಮನಸ್ಸಿಟ್ಟು ಕಲಿತದ್ದು ಇದೊಂದನ್ನೇ. ಪ್ರತಿ ಬೇಸಿಗೆಯಲ್ಲೂ ನನಗೆ ಹೇಳದೆ ಗೂಡಿನಲ್ಲಿ ಒಂದು ಇಟ್ಟು ಹೋಗುತ್ತಾರೆ. ಆ ಕಾರನ್ನು ಮಾರಬೇಕು ಎನ್ನುವ ಪಕ್ಷದಲ್ಲಿ ಅವರೂ ಇದ್ದಾರೆ, ಅದು ಬೇರೆ ಮಾತು.

ಈರುಳ್ಳಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ಕೆಲವು ವರ್ಷಗಳ ಹಿಂದಿನ ಒಂದು ಮಧ್ಯಾಹ್ನ ನೆನಪಾಯಿತು. ಜೊತೆಗೆ ಸಿಟ್ಟೂ ಬಂತು. ನನ್ನ ಸಿಟ್ಟು ಹಾಗೆಯೇ, ಹಳೆಯದಾದಷ್ಟೂ ಚುರುಕಾಗುತ್ತದೆ. ಬನ್ನಿ, ಕೂತುಕೊಳ್ಳಿ, ಹೇಳುತ್ತೇನೆ. ಹಿಂದಿನ ಸೀಟಿನಲ್ಲಿ ಮಾತ್ರ ಬೇಡ. ಅಲ್ಲಿ ಸೀಟು ಎಂಬ ಹೆಸರಿದೆ, ಜಾಗ ಇಲ್ಲ.

ಕಾರು ಕೆಂಪಗಿದೆ, ಎರಡೇ ಬಾಗಿಲು, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು. ಪುಣೆಯ ಒಬ್ಬ ಹುಡುಗನಿಂದ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡದ್ದು. ಅವನು ಅದಕ್ಕೆ ದಪ್ಪ ಸೈಲೆನ್ಸರ್ ಪೈಪು, ಗಟ್ಟಿ ಕ್ಲಚ್ಚು, ಗಿಡ್ಡ ಗೇರ್ ಕೋಲು ಎಲ್ಲ ಹಾಕಿಸಿ, ಆಮೇಲೆ ಮದುವೆ ಗೊತ್ತಾಗಿ ಮಾರಿದ್ದ. ನಡುವಯಸ್ಸಿನ, ಖಾಪರಖೇಡಾದ ವಿದ್ಯುತ್ ಸ್ಥಾವರದಲ್ಲಿ ಪಾಳಿ ಕೆಲಸ ಮಾಡುವ ಹೆಂಗಸಿಗೆ ಇಂಥ ಕಾರು ಯಾಕೆ ಎಂದು ಕೇಳದವರಿಲ್ಲ. ನಾನು ಏನೇನೋ ಕಾರಣ ಹುಡುಕಿ ಹೇಳುತ್ತಿದ್ದೆ: ರಸ್ತೆ ಹಿಡಿದು ಓಡುತ್ತದೆ, ಗಟ್ಟಿಮುಟ್ಟಾಗಿದೆ ಅಂತೆಲ್ಲ. ನಿಜ ಹೇಳಬೇಕೆಂದರೆ ನನಗೆ ಬೇಕಿತ್ತು, ಅಷ್ಟೇ. ಗಂಡಸು ಹೇಳಿದರೆ ಇದು ಶೋಕಿ ಎನಿಸಿಕೊಳ್ಳುತ್ತದೆ. ನಾನು ಹೇಳಿದರೆ ಮನೆಯವರು ಡಾಕ್ಟರಿಗೆ ತೋರಿಸೋಣವೇ ಎನ್ನುವಂತೆ ಮುಖ ಮುಖ ನೋಡಿಕೊಳ್ಳುತ್ತಾರೆ.

ಕಾರು ಬಂದ ಮೊದಲನೆಯ ಚಳಿಗಾಲ ಸುಖವಾಗಿ ಕಳೆಯಿತು. ಏಪ್ರಿಲ್ ಬಂತು, ಕೂಲರುಗಳನ್ನು ಅಟ್ಟದಿಂದ ಇಳಿಸುವ ಕಾಲ. ನಾಗಪುರದ ಬೇಸಿಗೆಯಲ್ಲಿ ಪ್ರತಿ ಮನೆಯ ಕಿಟಕಿಗೂ ಒಂದು ತಗಡಿನ ಕೂಲರ್ ನೇತಾಡುತ್ತದೆ, ದಿನಕ್ಕೆರಡು ಸಲ ಅದಕ್ಕೆ ನೀರು ಕುಡಿಸಬೇಕು. ನಮ್ಮ ಮನೆಯಲ್ಲಿ ಆ ಕೆಲಸ ಯಾರದು ಎಂದು ಚರ್ಚೆ ನಡೆದದ್ದೇ ಇಲ್ಲ, ನನ್ನದು. ಹಾಗೆ ನೀರು ಹಾಕುವಾಗ ಚೆಲ್ಲಿದ ನೀರಿನಲ್ಲೇ ಜಾರಿ ಬಿದ್ದು ಎಡಗಾಲಿನ ಪಾದದ ಕೀಲು ಮುರಿದುಕೊಂಡೆ. ಪ್ಲೇಟು, ಸ್ಕ್ರೂ, ಪ್ಲಾಸ್ಟರು ಎಲ್ಲ ಆಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ಡಾಕ್ಟರು ನಡೆಸಿ ನೋಡಿ, ಕಾರು ಓಡಿಸಬಹುದು ಎಂದರು. ಓಡಿಸಿದೆ. ಮತ್ತೆ ಚಳಿಗಾಲವಿಡೀ ಏನೂ ತೊಂದರೆ ಇರಲಿಲ್ಲ. ಮುಂದಿನ ಬೇಸಿಗೆಯಲ್ಲಿ ಗೇರು ಹಟ ಹಿಡಿಯಿತು.

ಹಟ ಎಂದರೆ ಹೀಗೆ. ಮಧ್ಯಾಹ್ನದ ಪಾಳಿಗೆ ಎರಡು ಗಂಟೆಗೆ ಮನೆ ಬಿಡುತ್ತೇನೆ. ಅರ್ಧ ದಾರಿ ಸರಿಯಾಗಿಯೇ ಹೋಗುತ್ತದೆ. ಆಮೇಲೆ ಕ್ಲಚ್ ಪೆಡಲ್ಲು ಮೆತ್ತಗಾಗುತ್ತದೆ, ಹಳೆಯ ದಿಂಬಿನ ಮೇಲೆ ಕಾಲಿಟ್ಟ ಹಾಗೆ. ಸಿಗ್ನಲ್ಲಿನಲ್ಲಿ ನಿಂತು ಮೊದಲನೆಯ ಗೇರಿಗೆ ಹಾಕಹೋದರೆ ಗರ್ರ್ ಎಂದು ಕೂಗಿ ಹೊರಗೇ ನಿಲ್ಲುತ್ತದೆ. ಪೆಡಲ್ಲನ್ನು ಪಂಪಿನಂತೆ ನಾಲ್ಕಾರು ಸಲ ತುಳಿದರೆ ಹೇಗೋ ಒಳಗೆ ಹೋಗುತ್ತದೆ. ಎಂಜಿನ್ನು ಆರಿಸಿದರೆ ಅದೇ ಗೇರು ಬೆಣ್ಣೆಯಂತೆ ಬೀಳುತ್ತದೆ. ಹಿಂದಿನವರ ಹಾರ್ನು, ಬೈಗುಳ. ಬೆವರು ಮಾತ್ರ ನನ್ನದು.

ಮನೆಯಲ್ಲಿ ಹೇಳಿದೆ. ನನ್ನ ಗಂಡ ಸಿವಿಲ್ ಲೈನ್ಸಿನ ಒಂದು ಕಚೇರಿಯಲ್ಲಿ ಅಧಿಕಾರಿ, ಫೈಲನ್ನು ಪೂರ್ತಿ ಓದದೆ ಸಹಿ ಹಾಕದ ಮನುಷ್ಯ. ಈ ಫೈಲನ್ನು ಮಾತ್ರ ತೆರೆಯುವ ಮೊದಲೇ ಸಹಿ ಹಾಕಿದರು.

"ನಿನ್ನ ಕಾಲಿಂದು ಅದು. ಆ ಕ್ಲಚ್ ಕಲ್ಲಿದ್ದಂಗ ಐತಿ, ಮುರದ ಕಾಲಾಗ ಪೂರಾ ಒತ್ತಾಕ ಆಗಂಗಿಲ್ಲ ನಿನಗ. ಮಾರಿಬಿಡು ಅದನ್ನ. ಸ್ಥಾವರದ ಬಸ್ಸು ಬರತೈತಲ್ಲ, ಅದರಾಗ ಹೋಗು."

ಅತ್ತೆ ಅಡುಗೆಮನೆಯಿಂದಲೇ ಸೇರಿಸಿದರು: "ಮ್ಯಾಲ ಆ ಗಾಡ್ಯಾಗ ಒಮ್ಮಿ ಕುಂತ್ರ ಏಳಾಕ ಇಬ್ಬರು ಬೇಕವಾ."

ನಿಮಗೆ ತಮಾಷೆಯಾಗಿ ಕಾಣಬಹುದು. ನನಗೆ ಅನ್ನ ಸೇರಲಿಲ್ಲ. ಪಾಳಿ ಕೆಲಸ, ಮನೆ ಕೆಲಸ, ಇವೆರಡರ ನಡುವೆ ನನ್ನದು ಎನ್ನಲು ಇದ್ದದ್ದು ಆ ದಾರಿ ಒಂದೇ. ಬಸ್ಸಿನಲ್ಲಿ ಹೋದರೆ ನಾನು ತಲುಪುತ್ತೇನೆ, ಸರಿ. ಆದರೆ ನಾನು ಹೋಗುವುದಿಲ್ಲ, ನನ್ನನ್ನು ಒಯ್ಯುತ್ತಾರೆ. ಒಮ್ಮೆ ಸ್ಟಿಯರಿಂಗ್ ಬಿಟ್ಟರೆ ಮತ್ತೆ ನನ್ನ ಕೈಗೆ ಕೊಡುವವರಿಲ್ಲ ಎಂಬುದು ನನಗೆ ಖಂಡಿತ ಗೊತ್ತಿತ್ತು.

ಕಾರನ್ನು ಧನರಾಜಭಾವುವಿನ ಗ್ಯಾರೇಜಿಗೆ ಒಯ್ದೆ. ಇಲ್ಲಿ ಗಂಡಸರನ್ನೆಲ್ಲ ಭಾವು, ಅಂದರೆ ಅಣ್ಣ, ಎಂದು ಕರೆಯುವುದು ರೂಢಿ. ಭಾವು ಒಳ್ಳೆಯ ಕೆಲಸಗಾರ, ಅದಕ್ಕಿಂತ ಒಳ್ಳೆಯ ಮಾತುಗಾರ. ಬೆಳಿಗ್ಗೆ ಗಾಡಿ ತೆಗೆದುಕೊಂಡು ಒಂದು ಸುತ್ತು ಹೊಡೆದು ಬಂದ. ಗೇರುಗಳೆಲ್ಲ ಹೇಳಿದ ಮಾತು ಕೇಳಿದವು. "ಏಕದಮ್ ಬರೋಬರ್ ಮ್ಯಾಡಮ್!" ಎಂದ. ಆಮೇಲೆ ಧ್ವನಿ ತಗ್ಗಿಸಿ, ಪಾಪ, ನನಗೆ ನೋವಾಗದಂತೆ, ಹಿಂದಿಯಲ್ಲಿ ಹೇಳಿದ: ನೀವು ಅರ್ಧ ಕ್ಲಚ್ಚಿನ ಮೇಲೆ ಓಡಿಸುತ್ತೀರಿ, ಲೇಡೀಸ್ ಎಲ್ಲ ಹಾಗೇ, ಕ್ಲಚ್ ಪ್ಲೇಟು ಸುಟ್ಟಿರಬೇಕು. ಪ್ಲೇಟು ಬದಲಿಸಿದ. ಬಿಚ್ಚಿದ ಹಳೆಯ ಪ್ಲೇಟನ್ನು ತೋರಿಸು ಎಂದೆ. ಹೊಸದರ ಪಕ್ಕ ಇಟ್ಟರೆ ಅಕ್ಕತಂಗಿಯರಂತಿದ್ದವು.

"ಇದು ಸುಟ್ಟಿದೆಯೇ?" ಎಂದೆ.

"ಫಿರ್ ಭೀ," ಎಂದ. ಆದರೂ, ಎಂದು ಅರ್ಥ. ಈ ಎರಡು ಶಬ್ದಕ್ಕೆ ಉತ್ತರ ಕೊಡುವ ವಿದ್ಯೆ ಲೋಕದಲ್ಲಿ ಇನ್ನೂ ಹುಟ್ಟಿಲ್ಲ.

ಮರುದಿನ ಮಧ್ಯಾಹ್ನ ಅದೇ ಮೆತ್ತನೆಯ ಪೆಡಲ್ಲು, ಅದೇ ಗರ್ರ್. ನಾನು ಯೋಚನೆಗೆ ಕೂತೆ. ನನ್ನ ಕಾಲು ಪ್ಲೇಟನ್ನು ಸುಟ್ಟಿದ್ದರೆ ಎಂಜಿನ್ನು ಅರಚಿಕೊಂಡು ಗಾಡಿ ಮುಂದೆ ಹೋಗದೆ ಒದ್ದಾಡಬೇಕಿತ್ತು. ನನ್ನದು ಒಮ್ಮೆ ಗೇರಿಗೆ ಬಿದ್ದರೆ ಬಾಣದಂತೆ ಹೋಗುತ್ತಿತ್ತು. ಅಂದರೆ ಕ್ಲಚ್ಚು ಹಿಡಿಯುವುದರಲ್ಲಿ ತಪ್ಪಿಲ್ಲ, ಬಿಡುವುದರಲ್ಲಿ ಇದೆ. ಎಂಜಿನ್ನು ಆರಿಸಿದರೆ ಗೇರು ಬೀಳುತ್ತದೆ, ಆದ್ದರಿಂದ ಗೇರ್‌ಬಾಕ್ಸಿನ ತಪ್ಪೂ ಅಲ್ಲ. ಇನ್ನು ಕಾಲು. ನನ್ನ ಕಾಲು ಬೆಳಿಗ್ಗೆಯ ಪಾಳಿಯಲ್ಲಿ ಗಟ್ಟಿಯಾಗಿದ್ದು ಮಧ್ಯಾಹ್ನದ ಪಾಳಿಯಲ್ಲಿ ಮಾತ್ರ ಸೋಲುತ್ತದೆಯೇ? ಚಳಿಗಾಲದಲ್ಲಿ ಕೂಡಿದ್ದ ಮೂಳೆ ಬೇಸಿಗೆಯಲ್ಲಿ ಬಿಡುತ್ತದೆಯೇ? ಅದು ಮೂಳೆಯೋ ಐಸ್‌ಕ್ರೀಮೋ?

ಆಗ ಹೊಳೆಯಿತು. ಮೇ ತಿಂಗಳಲ್ಲಿ ಈ ಊರಿನ ಗ್ಯಾರೇಜುಗಳು ಮಧ್ಯಾಹ್ನ ಷಟರ್ ಎಳೆದು ಮಲಗುತ್ತವೆ, ಸಂಜೆ ನೆರಳು ಉದ್ದವಾದ ಮೇಲೆ ಏಳುತ್ತವೆ. ಸಮಂಜಸವೇ, ಆ ಬಿಸಿಲಿನಲ್ಲಿ ಸ್ಪ್ಯಾನರ್ ಹಿಡಿದರೆ ಕೈ ಸುಡುತ್ತದೆ. ಆದರೆ ಇದರಿಂದಾಗಿ ನನ್ನ ಕಾರನ್ನು ಅದರ ಕಾಯಿಲೆಯ ಹೊತ್ತಿನಲ್ಲಿ ಯಾರೂ ಕಣ್ಣಾರೆ ಕಂಡಿರಲಿಲ್ಲ. ಬೆಳಿಗ್ಗೆ ಒಯ್ದರೆ ತಣ್ಣಗೆ ಕೂತಿರುತ್ತದೆ, ಸಂಜೆ ಒಯ್ದರೆ ತಣಿದಿರುತ್ತದೆ. ಎರಡು ಗಂಟೆಯ ಬಿಸಿಲಿನಲ್ಲಿ ಅದರೊಳಗೆ ಇರುತ್ತಿದ್ದವಳು ನಾನೊಬ್ಬಳೇ, ಹಾಗಾಗಿ ತಪ್ಪೂ ನನ್ನ ಪಾಲಿಗೇ ಬಂದಿತ್ತು.

ಒಂದು ಭಾನುವಾರ ಊಟವಾದ ಮೇಲೆ ಗಂಡನಿಗೆ "ಏಳ್ರಿ, ನಡೀರಿ" ಎಂದೆ. ಕೂಲರಿನ ಮುಂದೆ ಕಾಲು ಚಾಚಿದ್ದವರು ಕಣ್ಣು ತೆರೆಯದೆ, "ಹುಚ್ಚು ಹಿಡದೈತೇನು? ಹೊರಗ ಬೆಂಕಿ ಬಿದ್ದೈತಿ" ಎಂದರು.

"ಆ ಬೆಂಕ್ಯಾಗನ ನಾ ದಿನಾ ಹೋಗೂದು. ನನ್ನ ಕಾಲಿನ ಮ್ಯಾಲ ತೀರ್ಪು ಕೊಟ್ಟೀರಲ್ಲ, ಬಂದು ಸಾಕ್ಷಿನೂ ನೋಡ್ರಿ."

ಅತ್ತೆ ಮಗನ ಜೇಬಿಗೊಂದು, ನನ್ನ ಕೈಗೊಂದು ಈರುಳ್ಳಿ ಕೊಟ್ಟರು.

ಪೆಡಲ್ಲು ಮೆತ್ತಗಾಗುವವರೆಗೂ ಊರು ಸುತ್ತಿದೆ. ಆಮೇಲೆ ಎಂಜಿನ್ನು ಆರಿಸದೆ ಭಾವುವಿನ ಗ್ಯಾರೇಜಿನ ಮುಂದೆ ನಿಲ್ಲಿಸಿ ಹಾರ್ನು ಒತ್ತಿ ಹಿಡಿದೆ. ಷಟರ್ ಮೇಲೇಳುವ ತನಕ ಬಿಡಲಿಲ್ಲ. ತಲೆಗೆ ಒದ್ದೆ ಟವೆಲ್ ಸುತ್ತಿಕೊಂಡು ಬಂದ ಭಾವು ನನ್ನನ್ನು ನೋಡಿ, ಬಯ್ಯಲು ತೆರೆದ ಬಾಯನ್ನು ಆಕಳಿಕೆಗೆ ತಿರುಗಿಸಿದ. ನಾನು ಇಳಿದು, "ಭಾವು, ನೀನು ಓಡಿಸು, ಸೀತಾಬರ್ಡಿಗೆ" ಎಂದೆ. ಗಂಡನನ್ನು ಅವನ ಪಕ್ಕದಲ್ಲೇ ಬಿಟ್ಟು, ನಾನು ಆ ಹಿಂದಿನ ಸೀಟಿನಲ್ಲಿ ಮಂಡಿಯನ್ನು ಗಲ್ಲಕ್ಕೆ ಆನಿಸಿ ಕೂತೆ. ಅಲ್ಲಿಂದ ನನಗೆ ಕಾಣಬೇಕಾದದ್ದು ಒಂದೇ, ಭಾವುವಿನ ಎಡಗಾಲು. ಯಾವತ್ತೂ ಮುರಿಯದ, ಕಂಬದಂಥ ಕಾಲು.

ಸೀತಾಬರ್ಡಿಯಲ್ಲಿ ಬಿಸಿಲೆಂದು ಮಾರುಕಟ್ಟೆಗೆ ಬಿಡುವಿಲ್ಲ. ಸಿಗ್ನಲ್ಲಿನಲ್ಲಿ ನಿಂತೆವು. ಹಸಿರು ಬಂತು. ಗರ್ರ್. ಭಾವು ಮತ್ತೆ ಒತ್ತಿದ. ಗರ್ರ್. ಹಿಂದೆ ಹಾರ್ನುಗಳ ಮೇಳ ಶುರುವಾಯಿತು. ಭಾವುವಿನ ಕಿವಿ ಕೆಂಪಾಯಿತು, ಕಂಬದಂಥ ಕಾಲು ಪೆಡಲ್ಲನ್ನು ನೆಲಕ್ಕೆ ಹೂತುಬಿಡುವ ಹಾಗೆ ತುಳಿಯಿತು, ಗೇರು ಜಪ್ಪಯ್ಯ ಎನ್ನಲಿಲ್ಲ. ಪಕ್ಕದಲ್ಲಿ ಒಂದು ಆಟೋ ನಿಂತಿತು. ಅದರ ಚಾಲಕ ತಲೆ ಹೊರಹಾಕಿ, ನಾಗಪುರದ ಅರ್ಧ ಗಾಡಿಗಳನ್ನು ರಿಪೇರಿ ಮಾಡಿದ ನಮ್ಮ ಭಾವುವಿಗೆ ಮರಾಠಿಯಲ್ಲಿ ಉಪದೇಶ ಮಾಡಿದ: "ಭಾವು, ಮೊದಲು ಕ್ಲಚ್ಚು ಪೂರ್ತಿ ಒತ್ತುವುದನ್ನು ಕಲಿ!"

ಜೀವನದಲ್ಲಿ ಸಂಗೀತ ಕಚೇರಿಗಳನ್ನು ಕೇಳಿದ್ದೇನೆ. ಇಷ್ಟು ಇಂಪಾದ ಸ್ವರ ಕೇಳಿರಲಿಲ್ಲ. ಮುಂದೆ ಕೂತ ನನ್ನ ಗಂಡ ಗಾಜಿನಾಚೆಗೆ ಬಟ್ಟೆ ಅಂಗಡಿಯ ಬೋರ್ಡನ್ನು ಬಹಳ ಆಸಕ್ತಿಯಿಂದ ಓದುತ್ತಿದ್ದರು.

ಗ್ಯಾರೇಜಿಗೆ ಹೇಗೋ ಮರಳಿ, ಬಿಸಿಯಿದ್ದಂತೆಯೇ ಗಾಡಿಯನ್ನು ಮೇಲೆತ್ತಿಸಿದೆ. ಸ್ಥಾವರದಲ್ಲಿ ನನ್ನ ಕೆಲಸವೇ ಬಿಸಿ ಪೈಪುಗಳ ಉಷ್ಣತೆ ನೋಡುವುದು, ಅಲ್ಲಿ ಯಾವ ಬಿಸಿ ಪೈಪನ್ನೂ ಬರಿಮೈಯಲ್ಲಿ ಬಿಡುವುದಿಲ್ಲ. ಇಲ್ಲಿ ನೋಡಿದರೆ ಪುಣೆಯ ಹುಡುಗ ಹಾಕಿಸಿದ ದಪ್ಪ ಸೈಲೆನ್ಸರ್ ಪೈಪು, ಕ್ಲಚ್ಚಿನ ಎಣ್ಣೆ ಹರಿಯುವ ಸಣ್ಣ ಪೈಪಿಗೆ ಭುಜ ತಾಗಿಸಿಕೊಂಡು ಹೋಗಿತ್ತು. ನಡುವೆ ಇರಬೇಕಾದ ತಗಡಿನ ಮರೆಯನ್ನು ಯಾರೋ ಕಿತ್ತಿದ್ದರು. ಭಾವು ಬೆರಳು ತಾಗಿಸಿ ಹೌಹಾರಿ ಎಳೆದುಕೊಂಡ. ಎಣ್ಣೆಯೂ ಹಳತಾಗಿ ಕಪ್ಪಾಗಿತ್ತು. ಮಧ್ಯಾಹ್ನದ ಝಳಕ್ಕೆ ಪೈಪಿನ ಕಾವೂ ಸೇರಿ ಅದು ಒಳಗೇ ಕುದಿಯುತ್ತಿತ್ತು. ಕುದಿದ ಎಣ್ಣೆಯ ಗುಳ್ಳೆಗಳನ್ನು ತುಳಿದರೆ ಗುಳ್ಳೆ ಕುಗ್ಗುತ್ತದೆ, ಕ್ಲಚ್ಚು ಬಿಡುವುದಿಲ್ಲ. ಯಾರ ಕಾಲಾದರೂ ಅಷ್ಟೇ.

"ಮ್ಯಾಡಮ್, ಕಾಲಿನದಲ್ಲ," ಎಂದ ಭಾವು. ನನ್ನ ಗಂಡನ ಕಡೆ ತಿರುಗಿ ಇನ್ನೊಮ್ಮೆ ಹೇಳಿದ. ಆ ಇನ್ನೊಮ್ಮೆಗಾಗಿ ಅವನ ಲೇಡೀಸ್ ಮಾತನ್ನು ಕ್ಷಮಿಸಿದ್ದೇನೆ. ಹೊಸ ಎಣ್ಣೆ ಹಾಕಿ, ಸಣ್ಣ ಪೈಪನ್ನು ದೂರ ಸರಿಸಿ, ತಗಡು ಕೂರಿಸಿ ಕೊಟ್ಟ. ಮುಂದಿನ ವಾರ ನಡುಮಧ್ಯಾಹ್ನ ಗೇರು ಬಿದ್ದಾಗ ನಾನು ಒಬ್ಬಳೇ ಕಾರಿನಲ್ಲಿ ಖುಷಿಯಿಂದ ಕೂಗಿದೆ.

ರಜೆಯ ದಿನ ಸಂಜೆ ಮನೆಯಲ್ಲಿ ಚಹಾ ಕುಡಿಯುತ್ತ, ಗಾಡಿ ಸರಿಹೋಯಿತೆಂದು ಗಂಡನಿಗೆ ಹೇಳಿದೆ. ಅವರು ನಿಜವಾಗಿಯೂ ಸಂತೋಷಪಟ್ಟರು. ಆಮೇಲೆ ಹೇಳಿದರು: "ಚಲೋ ಆತು. ಈಗ ಗಾಡಿ ಬರೋಬರ್ ಐತಿ, ಗಿರಾಕಿ ಜಲ್ದಿ ಸಿಗ್ತಾರ. ಮಾರಿಬಿಡೂಣು."

ನೋಡಿ, ಅಲ್ಲಿಯವರೆಗೂ ನಾನು ಕಾಲಿನ ಮೊಕದ್ದಮೆ ಗೆದ್ದರೆ ಎಲ್ಲ ಮುಗಿಯಿತು ಎಂದುಕೊಂಡಿದ್ದೆ. ಕಾಲು ಬರೀ ನೆಪ. ಗಾಡಿ ಕೆಟ್ಟಿದ್ದರೆ ಕೆಟ್ಟಿದೆ ಎಂದು ಮಾರಬೇಕು, ಸರಿಯಾದರೆ ಸರಿಯಾಗಿದೆ ಎಂದು ಮಾರಬೇಕು. ನಾನು ಬಿಸಿಲಿನಲ್ಲಿ ಬೆಂದು ತಂದ ಪುರಾವೆಯನ್ನು ಯಾರೂ ಕೇಳಿಯೇ ಇರಲಿಲ್ಲ. ಬಹಳ ದುಃಖವಾಯಿತು, ಸಿಗ್ನಲ್ಲಿನ ನಡುವೆ ನಿಂತಾಗ ಆಗದಷ್ಟು.

"ಮಾರಂಗಿಲ್ಲ," ಎಂದೆ.

"ಯಾಕ?"

ರಸ್ತೆ ಹಿಡಿದು ಓಡುತ್ತದೆ ಎನ್ನಲಿಲ್ಲ. "ನನಗ ಬೇಕು," ಎಂದೆ. ಅತ್ತೆ ಬಸಿಯಲ್ಲಿ ಚಹಾ ಆರಿಸುತ್ತ ನನ್ನನ್ನು ಒಮ್ಮೆ ನೋಡಿದರು.

ಇದಾಗಿ ಕೆಲವು ಬೇಸಿಗೆ ಕಳೆದವು. ಕಾರು ಓಡುತ್ತಿದೆ. ಈಗ ನಿಮ್ಮೊಬ್ಬರಿಗೆ ಒಂದು ಮಾತು: ಈಚೆಗೆ ನನ್ನ ಎಡಗಾಲು ನಿಜವಾಗಿಯೂ ನೋಯುತ್ತಿದೆ. ಸ್ಕ್ರೂಗಳಿರುವ ಕಡೆ, ಪೆಡಲ್ಲು ಪೂರ್ತಿ ಒತ್ತಿದಾಗ, ಒಳಗೆ ಏನೋ ಹಿಡಿದುಕೊಳ್ಳುತ್ತದೆ. ಕೆಲವು ತಿಂಗಳಿಂದ ಮನೆಯಲ್ಲಿ ಕುಂಟುವುದನ್ನು ಬಚ್ಚಿಡುತ್ತಿದ್ದೆ. ಬೇರೆಯವರ ಎದುರು ನೆಟ್ಟಗೆ ನಡೆಯುವುದು ಕ್ಲಚ್ಚು ಒತ್ತುವುದಕ್ಕಿಂತ ಕಷ್ಟ.

ಇವತ್ತು ಪಾಳಿಗೆ ಹೊರಟಾಗ ಗಂಡ ಜಗಲಿಯಲ್ಲಿದ್ದರು. ನಿವೃತ್ತರಾದ ಮೇಲೆ ಅವರಿಗೆ ಎಲ್ಲ ಕಾಣುತ್ತದೆ.

"ಕುಂಟಾಕತ್ತಿಯಲ್ಲ. ಕಾಲು ನೋಯ್ತೈತೇನು?"

ಇಲ್ಲ ಎನ್ನಲು ಬಾಯಿ ತೆರೆದೆ. ಯಾಕೆ ಇಲ್ಲ ಎನ್ನಬೇಕು?

"ಹೂಂ, ನೋಯ್ತೈತಿ," ಎಂದೆ. "ಬಾಳ ನೋಯ್ತೈತಿ. ಹೋಗಿ ಬರ್ತೀನಿ."

ಒಳಗೆ ಕೂತು ಪೆಡಲ್ಲನ್ನು ನೆಲದವರೆಗೂ ಒತ್ತಿದೆ. ಕಣ್ಣಲ್ಲಿ ನೀರು ಬಂತು, ಗೇರು ಬಿತ್ತು. ಅವರು ಮಾರು ಎನ್ನುತ್ತಾರೇನೋ ಎಂದು ಕಾದೆ. ಚಪ್ಪಲಿ ಮೆಟ್ಟಿಕೊಂಡು ಬಿಸಿಲಿಗಿಳಿದು, ಅವರೇ ಹೋಗಿ ಗೇಟು ತೆಗೆದರು.