ಹನ್ನೊಂದು ಬಿಳಿ ಅಂಗಿ

ಹನ್ನೊಂದು ಅಂಗಿಗಳ ಇಸ್ತ್ರಿ ಕೂಲಿ ಇನ್ನೂ ಬಂದಿಲ್ಲ. ಕೊಡಬೇಕಾದವನು ಮೂರನೇ ಮಹಡಿಯ ವಿಮಾ ಅಧಿಕಾರಿ. ಬರಬೇಕಾಗಿರುವುದು ಅದೇ ಕಟ್ಟಡದ ಕಾಂಪೌಂಡ್ ಗೋಡೆಗೆ ಮೇಜು ಆನಿಸಿಟ್ಟುಕೊಂಡು ಹದಿನೆಂಟು ವರ್ಷದಿಂದ ಇಸ್ತ್ರಿ ಹಾಕುತ್ತಿರುವ ಹೆಂಗಸಿಗೆ. ಬೀದಿಗೆಲ್ಲ ಅವಳು ಇಸ್ತ್ರಿ ಅಕ್ಕ.

ಅಕ್ಕ ಅಂಗಿಯನ್ನು ಬಿಸಿಯಲ್ಲೇ ಮಡಚುವುದಿಲ್ಲ, ಹಾಗೆ ಮಡಚಿದರೆ ಹೊಸ ಸುಕ್ಕು ಕೂರುತ್ತದೆ. ಮೇಜಿನ ಹಿಂದಿನ ಹಗ್ಗಕ್ಕೆ ನೇತುಹಾಕಿ, ಹಬೆ ಆರಿದ ಮೇಲೆಯೇ ಮಡಿಕೆ. ಆ ಹಗ್ಗಕ್ಕೆ ಮೊಳ ದೂರದಲ್ಲಿ ಅಧಿಕಾರಿಯ ಹಳೇ ಡೀಸೆಲ್ ಜೀಪು ಬೆನ್ನು ತಿರುಗಿಸಿ ನಿಲ್ಲುತ್ತದೆ. ದಿನಾ ಬೆಳಿಗ್ಗೆ ಮಹಾಶಯ ಕೆಳಗಿಳಿದು, ಇಂಜಿನ್ ಚಾಲೂ ಮಾಡಿ, ಗಾಜು ಏರಿಸಿ, ಎ.ಸಿ. ಹಾಕಿಕೊಂಡು ಹೆಂಡತಿಯ ದಾರಿ ಕಾಯುತ್ತಾನೆ. ಇಪ್ಪತ್ತು ನಿಮಿಷ. ಗಾಡಿ ಒಂದಂಗುಲ ಕದಲುವುದಿಲ್ಲ. ಹೊಗೆ ಮಾತ್ರ ತಪ್ಪದೆ ಅಕ್ಕನ ಮೂಗಿಗೂ ಹಗ್ಗದ ಅಂಗಿಗಳಿಗೂ ಬಂದು ತಲುಪುತ್ತದೆ. ಅಂಗಿಗಳಾದರೂ ಯಾರವು? ಅವನವೇ.

"ಏನಮ್ಮ ಇದು, ಕಾಲರಿಗೆಲ್ಲ ಮಸಿ ಮೆತ್ತಿಟ್ಟಿದೀಯ? ಹನ್ನೊಂದಕ್ಕೂ ಒಂದು ಕಾಸು ಕೊಡಲ್ಲ."

"ಮಸಿ ನಂದಲ್ಲ ಸಾರ್, ನಿಮ್ಮ ಗಾಡೀದು. ಆಫ್ ಮಾಡಿ ಕೂತ್ಕೊಳ್ಳಿ."

"ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದ್ರೆ ಡೀಸೆಲ್ ಜಾಸ್ತಿ ಕುಡಿಯುತ್ತೆ. ನಿಂಗದೆಲ್ಲ ಗೊತ್ತಾಗಲ್ಲ ಬಿಡು."

"ಇಪ್ಪತ್ತು ನಿಮಿಷ ಸುಮ್ನೆ ಉರಿಸೋದಕ್ಕಿಂತಲೂ ಜಾಸ್ತೀನಾ? ಬಟ್ಟೆ ಇಲ್ದಾಗ ನಾನು ಇಸ್ತ್ರಿ ಪೆಟ್ಟಿಗೆ ಆರಿಸ್ತೀನಿ ಸಾರ್. ಕರೆಂಟ್ ಬಿಲ್ ನಾನೇ ಕಟ್ಟೋದಲ್ವಾ, ಅಷ್ಟು ಗೊತ್ತಾಗುತ್ತೆ."

ಗೇಟಿನಲ್ಲಿದ್ದ ಕಾವಲುಗಾರ ಕಿಸಕ್ಕನೆ ನಕ್ಕ. ಸಾಹೇಬರ ಮೀಸೆ ಮಣ್ಣಾಯಿತು. ಅಂದೇ ಕಟ್ಟಡದ ಸಂಘಕ್ಕೆ ಅರ್ಜಿ ಹೋಯಿತು: ಬಟ್ಟೆ ಕೊಳೆ ಮಾಡುವ ಈ ಹೆಂಗಸಿನ ಮೇಜು ಎತ್ತಿಸಿ.

ಮರುದಿನ ಬೆಳಿಗ್ಗೆ ಸಂಘದ ಕಾರ್ಯದರ್ಶಿ ನೋಡಲು ಬಂದ. ಮೇಜು ಹೋದರೆ ಅಕ್ಕನ ಒಲೆಯೂ ಆರಿದ ಹಾಗೆ. ಆದರೂ ಅವಳು ವಾದಕ್ಕಿಳಿಯಲಿಲ್ಲ. ಎರಡು ಬಿಳಿ ದಿಂಬಿನ ಚೀಲ ಒದ್ದೆ ಮಾಡಿ, ಒಂದನ್ನು ಕಾವಲುಗಾರನ ಕೋಣೆಯೊಳಗೆ, ಇನ್ನೊಂದನ್ನು ಜೀಪಿನ ಹೊಗೆ ಕೊಳವೆಯ ಎದುರು ಹಗ್ಗದ ತುದಿಗೆ ಹಾಕಿದಳು.

"ಇಲ್ಲೇ ನಿಂತ್ಕೊಳ್ಳಿ ಸಾರ್, ಅಮ್ಮಾವ್ರು ಇಳಿದು ಬರೋವರೆಗೂ."

ಜೀಪು ಗುರುಗುಟ್ಟತೊಡಗಿತು. ಐದು ನಿಮಿಷಕ್ಕೆ ಕಾರ್ಯದರ್ಶಿ ಮೂಗಿಗೆ ಕರ್ಚೀಫು ಹಿಡಿದ. ಹತ್ತಕ್ಕೆ ಕಣ್ಣಲ್ಲಿ ನೀರು. ಕೊನೆಗೆ ಅಕ್ಕ ಎರಡೂ ಚೀಲಗಳನ್ನು ಮೇಜಿನ ಮೇಲೆ ಹರಡಿದಳು. ಒಂದು ಬಿಳಿ, ಇನ್ನೊಂದರ ನಡುವೆ ತಟ್ಟೆಯಗಲದ ಕಪ್ಪು.

"ಇದನ್ನ ಹದಿನೆಂಟು ವರ್ಷ ಕುಡಿದಿದೀನಿ," ಎಂದಳು.

"ಮೀಟಿಂಗಲ್ಲಿ ಇಡ್ತೀನಮ್ಮ," ಎಂದು ಅವನು ಕೆಮ್ಮುತ್ತಲೇ ಕಾಲ್ತೆಗೆದ.

ಮೀಟಿಂಗಿನ ದೊಡ್ಡ ಮನುಷ್ಯರು ತಲೆ ಕೆಡಿಸಿಕೊಂಡು ತೀರ್ಪು ಕೊಟ್ಟರು: ಮೇಜು ಇರಲಿ, ಹಗ್ಗವನ್ನು ಆಚೆ ಗೋಡೆಗೆ ಕಟ್ಟಿಕೊಳ್ಳಲಿ. ಜೀಪಿನ ಸುದ್ದಿಯೇ ಇಲ್ಲ. ಹಗ್ಗ ಜರುಗಿತು. ಅಕ್ಕನ ಮೂಗನ್ನು ಎಲ್ಲಿಗೆ ಜರುಗಿಸಬೇಕೆಂದು ಮಾತ್ರ ಯಾರೂ ಬರೆಯಲಿಲ್ಲ. ಅಧಿಕಾರಿ ಇವತ್ತೂ ಗಾಜು ಏರಿಸಿ, ಇಂಜಿನ್ ಉರಿಸುತ್ತಾ ಕೂತಿದ್ದ.

ನೀವೂ ಯಾರನ್ನೋ ಕಾಯುತ್ತಾ ಹಾಗೇ ಕೂರುವವರೇ? ಹಾಗಿದ್ದರೆ ಮೊದಲು ಇಂಜಿನ್ ಆರಿಸಿ. ಆಮೇಲೆ ಕೆಳಗಿಳಿದು, ನಿಮ್ಮ ಗಾಡಿಯ ಹಿಂದೆ ಉಸಿರಾಡುತ್ತಿರುವವರು ಯಾರೆಂದು ನೋಡಿ ಬನ್ನಿ.